ಇಟ್ಟಿಗೆ ಕೆಲಸ ಅಂದರೆ ಯಾವ ಕೆಲಸ

ಭದ್ರಾವತಿಯ ರಂಗಪ್ಪ ವೃತ್ತದಿಂದ ನಾಲ್ಕು ಹೆಜ್ಜೆ ಒಳಗೆ ನನ್ನ ಅಂಗಡಿ. ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಜೆರಾಕ್ಸ್ ಯಂತ್ರ. ಪಹಣಿ, ಜಾತಿ ಪ್ರಮಾಣಪತ್ರ, ಪರೀಕ್ಷೆ ಅರ್ಜಿ, ಎಲ್ಲವನ್ನೂ ಮಾಡಿಕೊಡುತ್ತೇನೆ. ಈಚಿನ ವರ್ಷಗಳಲ್ಲಿ ನನ್ನ ದಿನದ ಹೆಚ್ಚು ಹೊತ್ತು ಹೋಗುತ್ತಿರುವುದು ಮಾತ್ರ ಕೆಲಸ ಹುಡುಕುವವರ ಜೊತೆಗೆ. ಈ ಊರಲ್ಲಿ ಅದು ಸಹಜ. ಬೆಂಕಿಪುರ ಎಂದು ಹೆಸರಿದ್ದ ಈ ಊರಲ್ಲಿ 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಶುರುವಾಯಿತು, ಆಮೇಲೆ ಕಾಗದದ ಕಾರ್ಖಾನೆ ಬಂತು. ಮಗ ಅಪ್ಪನ ಕಾರ್ಖಾನೆಗೇ ಸೇರುತ್ತಾನೆ ಅನ್ನುವುದು ಮಾತಿಲ್ಲದ ಒಪ್ಪಂದವಾಗಿತ್ತು. ಈಗ ಕಾಗದದ ಕಾರ್ಖಾನೆ ಎಂಪಿಎಂ ನಿಂತಿದೆ. ಕಬ್ಬಿಣದ ಕಾರ್ಖಾನೆ ವಿಐಎಸ್‌ಎಲ್ ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಅದೇ ವರ್ಷ ಆಗಸ್ಟ್‌ನಲ್ಲಿ ಒಂದಿಷ್ಟು ಭಾಗ ಮತ್ತೆ ಚಾಲೂ ಆಯಿತು, ಅಷ್ಟೇ.

ನಮ್ಮಪ್ಪನ ಕಾಲಕ್ಕೆ ಉದ್ಯೋಗ ವಿನಿಮಯ ಕೇಂದ್ರವಿತ್ತು. ಖಾಲಿ ಹುದ್ದೆಗಳನ್ನು ಆ ಕೇಂದ್ರಕ್ಕೆ ತಿಳಿಸಲೇಬೇಕು ಎಂದು 1959ರಲ್ಲೇ ಕಾಯಿದೆ ಆಗಿತ್ತು. ಅಪ್ಪನ ನೋಂದಣಿ ಕಾರ್ಡನ್ನು ಅಮ್ಮ ಇನ್ನೂ ಟ್ರಂಕಿನಲ್ಲಿ ಇಟ್ಟಿದ್ದಾರೆ. ನವೀಕರಣದ ಸೀಲುಗಳು ಒಂದರ ಮೇಲೊಂದು ಬಿದ್ದು ದಿನಾಂಕ ಓದಲಾಗುವುದಿಲ್ಲ. ಅಪ್ಪ ಕೌಂಟರಿನ ಆಚೆ ಕೂತ ಗುಮಾಸ್ತರಿಗೆ ತಮ್ಮ ಕೆಲಸ ಏನೆಂದು ಬಾಯಲ್ಲಿ ಹೇಳಿದರು, ಅವರು ಬರೆದುಕೊಂಡರು. ಆಮೇಲೆ ಪೋರ್ಟಲ್ಲುಗಳ ಕಾಲ: ನೌಕ್ರಿ ಡಾಟ್ ಕಾಮ್ 1997ರಲ್ಲಿ ಬಂತು, ಕೇಂದ್ರ ಸರ್ಕಾರದ ನ್ಯಾಷನಲ್ ಕೆರಿಯರ್ ಸರ್ವಿಸ್ 2015ರಲ್ಲಿ, ಮೊಬೈಲಿನಲ್ಲೇ ಡ್ರೈವರ್, ಡೆಲಿವರಿ, ಟೆಲಿಕಾಲರ್ ಕೆಲಸ ಹುಡುಕುವ ಅಪ್ನಾ 2019ರಲ್ಲಿ. ಇವುಗಳಲ್ಲಿ ಆಚೆ ಬದಿಯಲ್ಲಿ ಯಾರೂ ಕೂತಿರುವುದಿಲ್ಲ. ಆ ಗುಮಾಸ್ತರ ಜಾಗ ನನ್ನ ಪಾಲಿಗೆ ಬಂದಿದೆ ಎಂದು ನನಗೆ ಅರ್ಥವಾಗಿದ್ದು ಒಂದು ತಪ್ಪು ಮಾಡಿದ ಮೇಲೆ.

2023ರ ಬೇಸಿಗೆಯಲ್ಲಿ ಒಬ್ಬರು ಬಂದರು. ಐವತ್ತರ ಹತ್ತಿರದ ವಯಸ್ಸು, ಕಾರ್ಖಾನೆಯಲ್ಲಿ ಗುತ್ತಿಗೆಯ ಮೇಲೆ ಹದಿನೆಂಟು ವರ್ಷ ದುಡಿದವರು. ಜೊತೆಗೆ ಬಂದ ಮಗಳು ಮೊಬೈಲಿನಲ್ಲಿ ಪ್ರೊಫೈಲ್ ಮಾಡಲು ಹೋಗಿ ಅರ್ಧಕ್ಕೆ ಬಿಟ್ಟಿದ್ದಳು.

"ಏನು ಕೆಲಸ ಮಾಡ್ತಿದ್ರಿ ಅಣ್ಣಾ?" ಎಂದೆ.

"ಇಟ್ಟಿಗೆ ಕೆಲಸ ಕಣಮ್ಮ."

ಹಿಂದೆ ನಾಲ್ಕು ಜನ ನಿಂತಿದ್ದರು. ನಾನು ಮತ್ತೇನೂ ಕೇಳದೆ "ಮೇಸನ್" ಎಂದು ಹಾಕಿ, ಅನುಭವ ಹದಿನೆಂಟು ವರ್ಷ ಎಂದು ಬರೆದು ಮುಗಿಸಿದೆ. ಎರಡು ವಾರ ಅವರಿಗೆ ಫೋನಿನ ಮೇಲೆ ಫೋನು, ಎಲ್ಲವೂ ಬೆಂಗಳೂರಿನ ಕಟ್ಟಡ ಕಂಟ್ರಾಕ್ಟರುಗಳದ್ದು. ಗಾರೆ ಕೆಲಸಕ್ಕೆ ಬನ್ನಿ, ಇರೋದಕ್ಕೆ ಶೆಡ್ ಕೊಡ್ತೀವಿ ಎಂದು. ಅವರು ಜಗಳ ಆಡಲಿಲ್ಲ. ಮತ್ತೆ ಬಂದು ಬೆಂಚಿನ ಮೇಲೆ ಕೂತು, "ನಾನು ಗೋಡೆ ಕಟ್ಟಿದೋನಲ್ಲಮ್ಮ, ಲ್ಯಾಡಲ್ ಕಟ್ಟಿದೋನು" ಎಂದರು. ಆವತ್ತು ನಾನು ಉಳಿದವರನ್ನು ಸಂಜೆಗೆ ಬರಹೇಳಿ ಅವರ ಮಾತು ಕೇಳಿದೆ.

ಕರಗಿದ ಉಕ್ಕನ್ನು ಹೊತ್ತೊಯ್ಯುವ ದೊಡ್ಡ ಬಕೆಟ್ಟೇ ಲ್ಯಾಡಲ್. ಹೊರಗೆ ಉಕ್ಕಿನದೇ ಚಿಪ್ಪು, ಒಳಗೆ ಶಾಖ ತಡೆಯುವ ಇಟ್ಟಿಗೆಯ ಪದರ. ಉಕ್ಕು ಕರಗುವುದು ಸಾವಿರದ ಐನೂರು ಡಿಗ್ರಿ ಆಸುಪಾಸಿನಲ್ಲಿ. ಇಟ್ಟಿಗೆ ಇಲ್ಲದಿದ್ದರೆ ಚಿಪ್ಪೇ ಕರಗುತ್ತದೆ. ಅವರು ನನ್ನ ಮೇಜಿನ ಮೇಲಿದ್ದ ಸ್ಟೇಪಲ್ ಪಿನ್ನಿನ ಡಬ್ಬಿಗಳನ್ನು ಸುತ್ತಲೂ ಜೋಡಿಸಿ ತೋರಿಸಿದರು. ಒಂದು ತುದಿ ಅಗಲ, ಒಂದು ತುದಿ ಕಿರಿದಾದ ಇಟ್ಟಿಗೆ. ದುಂಡಗೆ ಕೂರಿಸುತ್ತಾ ಹೋಗಬೇಕು, ಕೊನೆಯ ಇಟ್ಟಿಗೆ ಬಿಗಿಯಾಗಿ ಇಳಿಯಬೇಕು. ಸಂದಿಯಲ್ಲಿ ಉಗುರು ಹೋಗುವಷ್ಟು ಜಾಗ ಬಿಟ್ಟರೂ ಉಕ್ಕು ಅದನ್ನೇ ಹುಡುಕಿಕೊಂಡು ಹೊರಗೆ ಬರುತ್ತದೆ. ಕಟ್ಟಿದ ಮೇಲೆ ಉರಿ ಹಾಯಿಸಿ ಗಂಟೆಗಟ್ಟಲೆ ಒಣಗಿಸಬೇಕು. ಒಳಗೆ ಹಸಿ ಉಳಿದು ಉಕ್ಕು ಬಿದ್ದರೆ ಸಿಡಿಯುತ್ತದೆ. "ಒಣಗಿದೆಯಾ ಇಲ್ವಾ ಅನ್ನೋದು ಬಣ್ಣ ನೋಡಿ ಹೇಳ್ತಿದ್ದೆ" ಎಂದರು. ಎಡಗೈ ಹೆಬ್ಬೆರಳಿನ ಉಗುರು ಅರ್ಧ ಇರಲಿಲ್ಲ. ಕಾರ್ಖಾನೆಯಲ್ಲಿ ಉಕ್ಕು ಕರಗಿಸುವುದು ನಿಂತ ಮೇಲೆ ಸಿಕ್ಕ ಸಿಕ್ಕ ವಿಭಾಗದಲ್ಲಿ ದುಡಿದಿದ್ದರು. ಗುತ್ತಿಗೆದಾರರ ಚೀಟಿಯಲ್ಲಿ ಇದ್ದದ್ದು "ಹೆಲ್ಪರ್" ಎಂಬ ಒಂದೇ ಪದ.

ಈ ಪೋರ್ಟಲ್‌ಗಳಲ್ಲಿ ಅರ್ಜಿಯನ್ನು ಮೊದಲು ಓದುವುದು ಬಹುಪಾಲು ಕಡೆ ತಂತ್ರಾಂಶ. ಕಂಪನಿ ಕೇಳಿದ ಪದ ಅರ್ಜಿಯಲ್ಲಿ ಇದೆಯೋ ಇಲ್ಲವೋ ನೋಡಿ, ಇದ್ದವರನ್ನು ಮೇಲೆ ತರುತ್ತದೆ. ಅದಕ್ಕೆ ಅಂದಾಜು ಮಾಡಲು ಬರುತ್ತದೆ, ಆದರೆ ಹೆಲ್ಪರ್ ಎಂಬ ಪದದ ಹಿಂದೆ ಲ್ಯಾಡಲ್ ಇದೆ ಎಂದು ಅಂದಾಜು ಮಾಡಲು ಸಾಧ್ಯವೇ ಇಲ್ಲ. ನಾನು ಹಳೆಯದನ್ನು ಅಳಿಸಿ "ಲ್ಯಾಡಲ್ ಲೈನಿಂಗ್, ರಿಫ್ರ್ಯಾಕ್ಟರಿ ಇಟ್ಟಿಗೆ ಜೋಡಣೆ, ಒಣಗಿಸುವಿಕೆ, ದುರಸ್ತಿ" ಎಂದು ಇಂಗ್ಲಿಷಿನಲ್ಲಿ ಸಾಲಾಗಿ ಬರೆದೆ. ಅಂದಿನಿಂದ ನನ್ನ ಬಳಿ ಒಂದು ಇನ್ನೂರು ಪುಟದ ನೋಟ್‌ಬುಕ್ ಇದೆ. ಯಾರೇ ಬಂದರೂ ಮೊದಲು ಅವರ ಒಂದು ದಿನದ ಕೆಲಸವನ್ನು ಅವರ ಮಾತಿನಲ್ಲೇ ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ. ಕಂಪ್ಯೂಟರ್ ಆಮೇಲೆ.

ಊರಿನ ಹೆಸರಿನ ಪಾಠ ಬೇರೆ ಥರದ್ದು. ಭದ್ರಾವತಿ ಎಂದು ಹುಡುಕಿದರೆ ಒಂದು ಪೋರ್ಟಲ್ ನನಗೆ ದಿನಾ ಮಹಾರಾಷ್ಟ್ರದ ಕೆಲಸ ತೋರಿಸುತ್ತಿತ್ತು. ಚಂದ್ರಪುರ ಜಿಲ್ಲೆಯಲ್ಲೂ ಒಂದು ಭದ್ರಾವತಿ ಇದೆ, ಅಲ್ಲಿ ಮದ್ದುಗುಂಡಿನ ಕಾರ್ಖಾನೆ ಇದೆ. ಇನ್ನು ಶಿವಮೊಗ್ಗದ ಹೆಸರು ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು. ಕಂಪನಿಗಳು ಇವತ್ತಿಗೂ ಕೆಲವೊಮ್ಮೆ "ಶಿಮೊಗ" ಎಂದು, ಕೆಲವೊಮ್ಮೆ "ಶಿವಮೊಗ್ಗ" ಎಂದು ಹಾಕುತ್ತವೆ. ಒಂದನ್ನು ಮಾತ್ರ ಹುಡುಕಿದವರಿಗೆ ಇನ್ನೊಂದರ ಅಡಿಯಲ್ಲಿರುವ ಕೆಲಸ ಕಾಣದೇ ಹೋಗಬಹುದು. ಎರಡನ್ನೂ ಹಾಕಿ, ಮಾಚೇನಹಳ್ಳಿಯನ್ನು ಬೇರೆಯಾಗಿ ಹುಡುಕಿ. ನಮ್ಮೂರಿಗೂ ಶಿವಮೊಗ್ಗಕ್ಕೂ ನಡುವೆ ಫೌಂಡ್ರಿಗಳಿರುವುದು ಅಲ್ಲೇ.

2024ರ ಜನವರಿ 12ರಂದು ಯುವನಿಧಿ ಯೋಜನೆಗೆ ಶಿವಮೊಗ್ಗದ ಫ್ರೀಡಂ ಪಾರ್ಕಿನಲ್ಲೇ ಚಾಲನೆ ಸಿಕ್ಕಿತು. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3000, ಡಿಪ್ಲೊಮಾದವರಿಗೆ 1500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿಸಲು ಬಂದ ಹುಡುಗ ಹುಡುಗಿಯರನ್ನು ನಾನು ಹಾಗೇ ಕಳಿಸಲಿಲ್ಲ, ನಿಮ್ಮ ಬಯೊಡೇಟಾ ತೋರಿಸಿ ಎಂದೆ. ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದವು. ಕೃತಕ ಬುದ್ಧಿಮತ್ತೆಯ ಆ್ಯಪ್ ಬರೆದುಕೊಟ್ಟದ್ದು. ಎಲ್ಲರೂ ಶ್ರಮಜೀವಿಗಳು, ಎಲ್ಲರೂ ತಂಡದಲ್ಲಿ ಬೆರೆಯುವವರು. ಒಬ್ಬ ಹುಡುಗಿ ಮೂರು ವರ್ಷ ಚಿಕ್ಕಪ್ಪನ ಅಡಿಕೆ ಮಂಡಿಯ ಲೆಕ್ಕ ಬರೆದಿದ್ದಳು, ಟ್ಯಾಲಿಯಲ್ಲಿ ಬಿಲ್ಲು ಮಾಡಿದ್ದಳು. ಅದರ ಸುಳಿವೂ ಅವಳ ಬಯೊಡೇಟಾದಲ್ಲಿ ಇರಲಿಲ್ಲ. "ಅದು ಮನೆ ಕೆಲಸ ಅಲ್ವಾ ಅಕ್ಕಾ?" ಎಂದಳು. ಆ್ಯಪ್ ಬಳಸಬೇಡಿ ಎಂದು ನಾನು ಹೇಳುವುದಿಲ್ಲ, ಇಂಗ್ಲಿಷ್ ತಿದ್ದಲು ನಾನೂ ಬಳಸುತ್ತೇನೆ. ನೀವು ಮಾಡಿದ್ದನ್ನು ಮೊದಲು ನೀವೇ ಹೇಳಿ, ತಿದ್ದುವುದು ಅದಕ್ಕೆ ಬಿಡಿ ಎನ್ನುತ್ತೇನೆ. ಮಂಡಿಯ ಲೆಕ್ಕವನ್ನು ಮೊದಲ ಸಾಲಿಗೆ ತಂದೆವು.

ಈಗ ಸಂದರ್ಶನವೂ ಬದಲಾಗುತ್ತಿದೆ. ಪರದೆಯ ಮೇಲೆ ಪ್ರಶ್ನೆ ಬರುತ್ತದೆ, ಉತ್ತರವನ್ನು ಕ್ಯಾಮೆರಾಕ್ಕೆ ಹೇಳಿ ಕಳಿಸಬೇಕು, ಎದುರಿಗೆ ಮುಖ ಇರುವುದಿಲ್ಲ. ನಮ್ಮ ಮಕ್ಕಳು ಎದುರಿನವರ ಕಣ್ಣು ನೋಡಿ ಮಾತಾಡುವವರು, ಖಾಲಿ ಪರದೆಯ ಮುಂದೆ ನಾಲಿಗೆ ಒಣಗುತ್ತದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಕ್ಯಾಮೆರಾದ ಪಕ್ಕದಲ್ಲೇ ನಾನು ಕೂರುತ್ತೇನೆ, ನನಗೇ ಹೇಳುವಂತೆ ಹೇಳಿ ಎಂದು ಎರಡು ಸಲ ಅಭ್ಯಾಸ ಮಾಡಿಸುತ್ತೇನೆ.

ಒಂದು ಮಾತನ್ನು ಮಾತ್ರ ಗೋಡೆಗೆ ದಪ್ಪಕ್ಷರದಲ್ಲಿ ಅಂಟಿಸಿದ್ದೇನೆ: ಕೆಲಸಕ್ಕೆ ದುಡ್ಡು ಕೇಳಿದರೆ ಅದು ಕೆಲಸವಲ್ಲ. ಹೊಸಮನೆಯ ಹುಡುಗಿಯೊಬ್ಬಳು ಮನೆಯಲ್ಲೇ ಡೇಟಾ ಎಂಟ್ರಿ ಎಂಬ ಜಾಹೀರಾತು ನಂಬಿ ಠೇವಣಿ, ಲ್ಯಾಪ್‌ಟಾಪಿನ ವಿಮೆ, ತೆರಿಗೆ ಎಂದು ಮೂರು ಕಂತು ಕಟ್ಟಿದಳು. ಮೂರನೆಯ ಕಂತಿಗೆ ಅವಳ ಅಮ್ಮ ಸ್ವಸಹಾಯ ಸಂಘದಿಂದ ಸಾಲ ತೆಗೆದಿದ್ದರು. ನನ್ನ ಹತ್ತಿರ ಬಂದದ್ದು ಐದನೆಯ ದಿನ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ ದೂರು ಕೊಡಿಸಿದೆ, ಆದರೆ ಹಣ ಅಷ್ಟು ಹೊತ್ತಿಗೆ ಖಾತೆಯಿಂದ ಖಾತೆಗೆ ಹೋಗಿಬಿಟ್ಟಿತ್ತು. ಮೋಸ ಹೋದ ಗಂಟೆಯಲ್ಲೇ ಆ ನಂಬರಿಗೆ ಫೋನ್ ಮಾಡಿದರೆ ಹಣ ತಡೆಹಿಡಿಯುವ ದಾರಿ ಇರುತ್ತದೆ. ನಾಚಿಕೆಯಿಂದ ಸುಮ್ಮನಿದ್ದ ಆ ನಾಲ್ಕು ದಿನಗಳು ನನ್ನನ್ನು ಈಗಲೂ ಕಾಡುತ್ತವೆ. ನಾಚಿಕೆ ಪಡಬೇಕಾದವರು ಅವಳಲ್ಲವಲ್ಲ.

ಲ್ಯಾಡಲ್ ಕಟ್ಟುತ್ತಿದ್ದ ಅಣ್ಣನಿಗೆ ಮಾಚೇನಹಳ್ಳಿಯ ಒಂದು ಫೌಂಡ್ರಿಯಿಂದ ಕರೆ ಬಂತು. ಹದಿನೈದು ದಿನ ನೋಡ್ತೀವಿ ಎಂದರಂತೆ. ಸಂಬಳ ಅವರು ಎಣಿಸಿದ್ದಕ್ಕಿಂತ ಕಡಿಮೆ, ಬಸ್ಸಿನ ಖರ್ಚು ಬೇರೆ. ಆದರೂ ಹೋದರು, ಉಳಿದುಕೊಂಡರು. ಆರು ತಿಂಗಳ ಮೇಲೆ ಒಂದು ಭಾನುವಾರ ಅಂಗಡಿಗೆ ಬಂದು, ಬೇರೆ ಕೆಲಸ ಹುಡುಕಲು ಬಂದಿಲ್ಲ ಎಂದು ಮೊದಲೇ ಹೇಳಿ, ಬೆಂಚಿನ ಮೇಲೆ ಕೂತರು.

"ಅಲ್ಲಿ ಇಂಡಕ್ಷನ್ ಫರ್ನೇಸಮ್ಮ. ಇಟ್ಟಿಗೆ ಇಲ್ಲ, ಪುಡಿ ಹಾಕಿ ಗುದ್ದಿ ಗುದ್ದಿ ಕೂರಿಸ್ತಾರೆ. ರ‍್ಯಾಮಿಂಗ್ ಅಂತಾರೆ. ಈಗ ನಾನೇ ಮಾಡ್ತೀನಿ. ಅದನ್ನೂ ಸೇರಿಸ್ಬಿಡು."

ನೋಟ್‌ಬುಕ್ ತೆಗೆದು, ಪುಡಿಯನ್ನು ಎಷ್ಟೆಷ್ಟು ದಪ್ಪಕ್ಕೆ ಹಾಕ್ತೀರಿ ಅಣ್ಣಾ ಎಂದು ಕೇಳಿದೆ.