ಜೀರ್ಣೋದ್ಧಾರವೂ ಶಿಲ್ಪರಕ್ಷಣೆಯೂ

ಜಿನಮಂದಿರದ ಜೀರ್ಣೋದ್ಧಾರವು ನೂತನ ಮಂದಿರ ನಿರ್ಮಾಣಕ್ಕಿಂತಲೂ ಮಿಗಿಲಾದ ಪುಣ್ಯಕಾರ್ಯವೆಂದು ನಮ್ಮ ಹಿರಿಯರು ಭಾವಿಸಿದ್ದರು. ಆದುದರಿಂದಲೇ ಹಳೆಯ ಶಾಸನಗಳಲ್ಲಿ ದಾನಗಳ ಉದ್ದೇಶವನ್ನು ಹೇಳುವಾಗ ಪೂಜೆ ಮತ್ತು ಮುನಿಗಳ ಆಹಾರದಾನದೊಡನೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಒಡೆದುದನ್ನು, ಬಿರುಕು ಬಿಟ್ಟುದನ್ನು ಸರಿಪಡಿಸುವುದೇ ಈ ಮಾತಿನ ಅರ್ಥ. ಹಳೆಯದನ್ನು ಇಲ್ಲವಾಗಿಸುವುದು ಎಂದಲ್ಲ. ಆದರೆ ಕಟ್ಟಡವು ದುರಸ್ತಿಗೆ ನಿಲುಕದಷ್ಟು ಶಿಥಿಲವಾಗಿ, ಅದನ್ನು ಕೆಡವಲೇಬೇಕಾದ ಸಂದರ್ಭಗಳೂ ಒದಗುತ್ತವೆ. ಆಗ ಅದರ ದ್ವಾರಬಂಧ, ಕಂಬ, ಭುವನೇಶ್ವರಿ, ಜಾಲಂಧ್ರ, ಶಾಸನಶಿಲೆಗಳ ಗತಿ ಏನು? ಈ ಪ್ರಶ್ನೆಗೆ ಎರಡು ಉದಾಹರಣೆಗಳು ಉತ್ತರ ನೀಡಬಲ್ಲವು.

ಪಾಟಣದ ಮರದ ಮಂಟಪ

ಗುಜರಾತಿನ ಪಾಟಣ, ಅಂದರೆ ಪ್ರಾಚೀನ ಅಣಹಿಲವಾಡ, ಚೌಲುಕ್ಯ ಅರಸರ ರಾಜಧಾನಿ. ಆಚಾರ್ಯ ಹೇಮಚಂದ್ರರ ಕರ್ಮಭೂಮಿ. ಈ ನಗರದಲ್ಲಿ ಅಕ್ಬರನ ಆಳ್ವಿಕೆಯ ಕಾಲದಲ್ಲಿ, 1590ರ ದಶಕದಲ್ಲಿ, ವಾಡೀ ಪಾರ್ಶ್ವನಾಥ ಮಂದಿರವು ನಿರ್ಮಾಣವಾಯಿತು. ಖರತರ ಗಚ್ಛದ ಆಚಾರ್ಯ ಪರಂಪರೆಯನ್ನು ಕ್ರಮವಾಗಿ ಹೇಳುವ ದೀರ್ಘ ಪ್ರಶಸ್ತಿಯೊಂದು ಈ ಮಂದಿರಕ್ಕೆ ಸೇರಿದ್ದು, ಇತಿಹಾಸಕಾರರಿಗೆ ಅಮೂಲ್ಯ ಆಧಾರವಾಗಿದೆ.

ಈ ಮಂದಿರದ ಸಭಾಮಂಟಪವು ಸಂಪೂರ್ಣ ತೇಗದ ಮರದ್ದು. ಮೇಲೆ ಸುತ್ತುಸುತ್ತಾಗಿ ಕಿರಿದಾಗುತ್ತ ಏರುವ ಗುಮ್ಮಟ, ನರ್ತಕಿಯರು, ವಾದ್ಯಗಾರರು, ತಮ್ಮ ತಮ್ಮ ವಾಹನಗಳೊಡನೆ ದಿಕ್ಪಾಲಕರು, ಕೆಳಗೆ ಕೆತ್ತನೆಯ ಗವಾಕ್ಷಗಳು: ಕಲ್ಲಿನಲ್ಲಿ ಕಾಣುವ ಸೂಕ್ಷ್ಮತೆಯೆಲ್ಲವೂ ಇಲ್ಲಿ ಮರದಲ್ಲಿ ಮೂಡಿತ್ತು. ಉತ್ತರ ಗುಜರಾತಿನ ವಾಸ್ತುಶಿಲ್ಪವನ್ನು ಕುರಿತು ಬರ್ಜೆಸ್ ಮತ್ತು ಕಸಿನ್ಸ್ ಅವರು ರಚಿಸಿ 1903ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಈ ಮಂದಿರದ ವರ್ಣನೆ ಸೇರಿದೆ.

ಮುಂದೆ ಹಳೆಯ ಮರದ ಮಂಟಪವನ್ನು ಬಿಚ್ಚಲಾಯಿತು. ಅಹಮದಾಬಾದಿನಲ್ಲಿ ಜೈನ ವರ್ತಕರಾದ ಹಠೀಸಿಂಗ್ ಮನೆತನದವರೊಡಗೂಡಿ ಮರಗೆತ್ತನೆಯ ಉದ್ಯಮ ನಡೆಸಿದ್ದ ಅಮೆರಿಕದ ಕಲಾವಿದ ಲಾಕ್‌ವುಡ್ ಡಿ ಫಾರೆಸ್ಟ್ ಹಾಗೂ ಅವರ ಸೋದರ ರಾಬರ್ಟ್ ಡಿ ಫಾರೆಸ್ಟ್ ಅವರು ಆ ಮಂಟಪದ ಭಾಗಗಳನ್ನು 1916ರಲ್ಲಿ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಕಲಾ ಸಂಗ್ರಹಾಲಯಕ್ಕೆ ದಾನವಾಗಿ ನೀಡಿದರು. ಇಂದು ಅವು ಅಲ್ಲಿ ಮಂಟಪದ ರೂಪದಲ್ಲಿಯೇ ಜೋಡಣೆಗೊಂಡು ನಿಂತಿವೆ. ಮರದ ಮೇಲೆ ಅಂದಿನ ಬಣ್ಣದ ಕುರುಹುಗಳೂ ಉಳಿದಿವೆ.

ಇದರಲ್ಲಿ ಸಂತೋಷವೂ ಇದೆ, ವಿಷಾದವೂ ಇದೆ. ಸೌದೆಯಾಗಿ ಹೋಗಬಹುದಾಗಿದ್ದ ಶಿಲ್ಪವು ನಾಲ್ಕು ಶತಮಾನ ಕಳೆದರೂ ಬದುಕಿದೆ; ಲಕ್ಷಾಂತರ ಜನ ಅದನ್ನು ನೋಡಿ ಜೈನ ಕಲೆಗೆ ತಲೆದೂಗಿದ್ದಾರೆ. ಆದರೆ ಯಾವ ಗುಮ್ಮಟದ ಕೆಳಗೆ ಶ್ರಾವಕರು ಸ್ತವನ ಹಾಡುತ್ತಿದ್ದರೋ ಆ ಗುಮ್ಮಟವನ್ನು ನೋಡಲು ಅವರ ಮೊಮ್ಮಕ್ಕಳು ಸಮುದ್ರ ದಾಟಬೇಕಾಗಿದೆ.

ಬೆಳಗಾವಿಯ ಶಾಸನಗಳು

ಎರಡನೆಯ ಉದಾಹರಣೆ ಕನ್ನಡ ಮತ್ತು ಮರಾಠಿ ಜೈನರಿಬ್ಬರಿಗೂ ಹತ್ತಿರದ್ದು. ಬೆಳಗಾವಿಯ ಕೋಟೆಯೊಳಗಿನ ಕಮಲ ಬಸದಿಯನ್ನು ರಟ್ಟರ ಅರಸ ನಾಲ್ಕನೆಯ ಕಾರ್ತವೀರ್ಯನ ಅಧಿಕಾರಿ ಬೀಚಿರಾಜನು ಕಟ್ಟಿಸಿದನು. ನವರಂಗದ ಮೇಲ್ಛಾವಣಿಯಿಂದ ಇಳಿಬಿದ್ದ ಅರಳಿದ ಕಮಲದಿಂದಲೇ ಅದಕ್ಕೆ ಆ ಹೆಸರು. ಈ ಜಿನಾಲಯದ ನಿರ್ಮಾಣವನ್ನೂ, ಶುಭಚಂದ್ರ ಭಟ್ಟಾರಕರಿಗೆ ಕೊಟ್ಟ ದಾನವನ್ನೂ ತಿಳಿಸುವ 1204ರ ಶಾಸನವು ಇಂದು ಲಂಡನ್ನಿನ ಬ್ರಿಟಿಷ್ ಸಂಗ್ರಹಾಲಯದಲ್ಲಿದೆ. ಬಸದಿ ಇಲ್ಲಿದೆ, ಅದರ ಜನ್ಮಪತ್ರಿಕೆ ಅಲ್ಲಿದೆ. ಶಾಸನದ ಪಾಠವನ್ನು ವಿದ್ವಾಂಸರು ಓದಿ ಪ್ರಕಟಿಸಿರುವುದರಿಂದಲೇ ಬೀಚಿರಾಜನ ಹೆಸರು ಇಂದಿಗೂ ನಮಗೆ ತಿಳಿದಿದೆ. ಕಲ್ಲು ದೂರವಾದರೂ ಅಕ್ಷರ ಉಳಿಯಿತು. ದಾಖಲೆಯ ಮಹತ್ವ ಇದೇ.

ಕೆಡಹುವ ಮೊದಲು ಮಾಡಬೇಕಾದ ಕಾರ್ಯಗಳು

1. ಬಸದಿಯು ಪುರಾತತ್ತ್ವ ಇಲಾಖೆಯ ಸಂರಕ್ಷಣೆಗೆ ಒಳಪಟ್ಟಿದ್ದರೆ ಅನುಮತಿಯಿಲ್ಲದೆ ಒಂದು ಕಲ್ಲನ್ನೂ ಅಲುಗಿಸಬಾರದು. ಒಳಪಡದಿದ್ದರೂ ತಜ್ಞರಿಗೆ ತೋರಿಸಿ, ಕೆಡಹುವುದು ನಿಜವಾಗಿ ಅನಿವಾರ್ಯವೇ ಎಂದು ಕೇಳಬೇಕು. ಸೋರುವ ಮಾಳಿಗೆಯನ್ನು ದುರಸ್ತಿ ಮಾಡಿದರೆ ಸಾಕಾಗುವ ಬಸದಿಗಳೂ ಉಂಟು.

2. ಇಡೀ ಕಟ್ಟಡದ ನಕ್ಷೆ ಬರೆಯಿಸಿ, ನಾಲ್ಕು ದಿಕ್ಕಿನಿಂದಲೂ ಒಳಗಿನಿಂದಲೂ ಛಾಯಾಚಿತ್ರ ತೆಗೆಯಿಸಬೇಕು. ಶಾಸನಗಳ ಪಡಿಯಚ್ಚನ್ನು ಬಲ್ಲವರಿಂದ ತೆಗೆಯಿಸಬೇಕು.

3. ಬಿಚ್ಚುವ ಪ್ರತಿಯೊಂದು ಭಾಗಕ್ಕೂ ಸಂಖ್ಯೆ ಕೊಟ್ಟು, ಅದೇ ಸಂಖ್ಯೆಯನ್ನು ನಕ್ಷೆಯಲ್ಲಿಯೂ ಗುರುತಿಸಬೇಕು. ಸಂಖ್ಯೆಯನ್ನು ಕೆತ್ತನೆಯ ಮುಖದ ಮೇಲೆ ಬರೆಯಬಾರದು. ಶ್ರೀಶೈಲ ಯೋಜನೆಯ ಮುಳುಗಡೆಯಿಂದ ಕೂಡವೆಲ್ಲಿಯ ಸಂಗಮೇಶ್ವರ ದೇವಾಲಯವನ್ನು ತೆಲಂಗಾಣದ ಆಲಂಪುರಕ್ಕೆ ಸ್ಥಳಾಂತರಿಸಿ ಮತ್ತೆ ನಿಲ್ಲಿಸಿದ್ದು ಎಲ್ಲರಿಗೂ ತಿಳಿದಿದೆ. ಯಾವ ಕಲ್ಲು ಎಲ್ಲಿತ್ತು ಎಂಬ ಲೆಕ್ಕ ತಪ್ಪಿದರೆ ಇಂಥ ಕಾರ್ಯ ಸಾಧ್ಯವಾಗದು.

4. ಕಲ್ಲುಗಳನ್ನು ನೇರವಾಗಿ ನೆಲದ ಮೇಲಿಡದೆ ಮರದ ತುಂಡುಗಳ ಮೇಲೆ, ಸೂರಿನ ಕೆಳಗೆ ಇಡಬೇಕು. ಮರದ ಭಾಗಗಳನ್ನು ಗೆದ್ದಲಿನಿಂದಲೂ ತೇವದಿಂದಲೂ ಕಾಪಾಡಬೇಕು. ಕೆತ್ತನೆಗೆ ಎಣ್ಣೆಬಣ್ಣ ಬಳಿಯುವುದು, ಆಮ್ಲದಿಂದ ತೊಳೆಯುವುದು, ಯಂತ್ರದಿಂದ ಉಜ್ಜುವುದು ಸಲ್ಲದು.

5. ಸಾಧ್ಯವಾದಷ್ಟನ್ನು ಹೊಸ ಮಂದಿರದಲ್ಲಿಯೇ ಬಳಸಬೇಕು. ಹಳೆಯ ದ್ವಾರಬಂಧವನ್ನು ಹೊಸ ಗರ್ಭಗೃಹಕ್ಕೆ ಇಡಬಹುದು. ಹಳೆಯ ಭುವನೇಶ್ವರಿಯನ್ನು ಹೊಸ ಮಂಟಪಕ್ಕೆ ಹೊಂದಿಸಬಹುದು. ಉಳಿದವುಗಳನ್ನು ಆವರಣದಲ್ಲಿಯೇ ಒಂದು ಪಡಸಾಲೆ ಕಟ್ಟಿ, ವಿವರದ ಫಲಕದೊಡನೆ ಇಡಬೇಕು. ಪೂಜೆಗೆ ಯೋಗ್ಯವಲ್ಲದ ಭಿನ್ನಬಿಂಬಗಳೂ ಅಲ್ಲಿ ಗೌರವದಿಂದ ಇರಬಲ್ಲವು.

6. ಹಳೆಯ ಶಿಲ್ಪವನ್ನು ಮಾರಬಾರದು. 1972ರ ಪ್ರಾಚೀನ ವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷ ಮೀರಿದ ಶಿಲ್ಪಗಳು ಪ್ರಾಚೀನ ವಸ್ತುಗಳೆನಿಸುತ್ತವೆ. ಖಾಸಗಿಯವರು ಅವುಗಳನ್ನು ವಿದೇಶಕ್ಕೆ ಸಾಗಿಸುವುದು ಅಪರಾಧ.

ಶ್ರಾವಕರ ಕರ್ತವ್ಯ

ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಗ್ರಂಥವು ಜೀರ್ಣವಾದರೆ ಪ್ರತಿ ಮಾಡಿಕೊಳ್ಳಬಹುದು. ಆದರೆ ಶಿಲ್ಪಿಯ ಉಳಿ ತಾಗಿದ ಕಲ್ಲಿಗೆ ಪ್ರತಿಯಿಲ್ಲ, ಅದು ಒಂದೇ. ಅಡಿಪಾಯಕ್ಕೆ ತುಂಬಿದ ಕೆತ್ತನೆಯ ಕಂಬ, ಮೆಟ್ಟಿಲಾದ ಶಾಸನ, ಬಟ್ಟೆ ಒಗೆಯುವ ಕಲ್ಲಾದ ನಿಷಿಧಿ, ಇವು ಪರರ ದಾಳಿಯಿಂದಲ್ಲ, ನಮ್ಮದೇ ಅಲಕ್ಷ್ಯದಿಂದ ಆದ ನಷ್ಟಗಳು.

ಮನೆಯಲ್ಲಿ ಕನ್ನಡ, ಮರಾಠಿ, ಗುಜರಾತಿ, ತೆಲುಗು, ಮಲಯಾಳಂ ಯಾವ ಮಾತನ್ನೇ ಆಡಲಿ, ಪೂರ್ವಜರು ಕಲ್ಲಿನಲ್ಲಿ ಕೊರೆಸಿದ ಭಕ್ತಿಯು ಎಲ್ಲ ಜೈನರಿಗೂ ಸಮಾನ ಸ್ವತ್ತು. ಹೊಸ ಬಸದಿಯ ಶಿಖರಕ್ಕೆ ಕಲಶವಿಡುವ ದಿನ ಹಳೆಯ ಬಸದಿಯ ಒಂದು ಕಲ್ಲಾದರೂ ಅದರೊಳಗೆ ಸ್ಥಾನ ಪಡೆದಿದ್ದರೆ, ಅಂದು ಕಟ್ಟಿಸಿದವರೂ ಇಂದು ಕಟ್ಟಿಸುವವರೂ ಒಂದೇ ಪುಣ್ಯದಲ್ಲಿ ಭಾಗಿಗಳಾಗುತ್ತಾರೆ.