ಬಜೆಟ್ ಲ್ಯಾಪ್‌ಟಾಪ್: ಎಲ್ಲಿ ರಾಜಿ, ಎಲ್ಲಿ ಪಟ್ಟು? ಲೋಣಾವಳಾದ ಕನ್ನಡಿಗರಿಗೆ 10 ಸೂತ್ರಗಳು

ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಎಂಜಿನಿಯರಿಂಗ್ ಓದಲು ಲೋಣಾವಳಾಕ್ಕೆ ಬಂದಿದ್ದೀರಿ. ಇಲ್ಲವೇ ಇಲ್ಲೇ ರೂಮ್ ಮಾಡಿಕೊಂಡು, ದಿನಾ ಲೋಕಲ್ ಹತ್ತಿ ಚಿಂಚವಡ, ಪಿಂಪರಿ, ಶಿವಾಜಿನಗರದ ಆಫೀಸಿಗೆ ಹೋಗುತ್ತಿದ್ದೀರಿ. ಕೈಯಲ್ಲಿರುವುದು 40 ಸಾವಿರ ರೂಪಾಯಿ. ನಾಲ್ಕು ವರ್ಷ ಬಾಳುವ ಲ್ಯಾಪ್‌ಟಾಪ್ ಬೇಕು. ಖಂಡಿತ ಸಿಗುತ್ತದೆ. ಆದರೆ ಆ ಬೆಲೆಗೆ ಕೊಡಬೇಕೆಂದರೆ ಕಂಪನಿ ಎಲ್ಲೋ ಖರ್ಚು ಉಳಿಸಿಯೇ ಇರುತ್ತದೆ. ಎಲ್ಲಿ ಉಳಿಸಿದೆ ಎಂದು ಪತ್ತೆ ಹಚ್ಚುವುದೇ ನಿಮ್ಮ ಮೊದಲ ಕೆಲಸ. ಆಮೇಲೆ ಒಂದೇ ನಿಯಮ: ಮುಂದೆ ಬದಲಿಸಲು ಬರುವ ಭಾಗದಲ್ಲಿ ರಾಜಿಯಾಗಿ, ಬದಲಿಸಲು ಬಾರದ ಭಾಗದಲ್ಲಿ ಪಟ್ಟು ಹಿಡಿಯಿರಿ.

1. ಕೆಲಸದ ಪಟ್ಟಿ ಮೊದಲು, ಮಾಡೆಲ್ ಪಟ್ಟಿ ಆಮೇಲೆ

ನಾಲ್ಕು ವರ್ಷದ ಸಿಲಬಸ್ ತೆಗೆಯಿರಿ. ಬೇಕಾಗುವ ಸಾಫ್ಟ್‌ವೇರ್‌ಗಳನ್ನು ಬರೆದಿಡಿ. ಸೀನಿಯರ್‌ಗಳನ್ನು ಕೇಳಿ. ಸಾಲಿಡ್‌ವರ್ಕ್ಸ್ ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ. ಊರಿನ ಸರ್ಕಾರಿ ಕಚೇರಿಗೆ ಬೇಕಾಗುವ ನುಡಿ ತಂತ್ರಾಂಶಕ್ಕೂ ವಿಂಡೋಸ್ ಬೇಕು. 2023ರ ಜುಲೈನಲ್ಲಿ 16,499 ರೂಪಾಯಿಗೆ ಬಂದ ಜಿಯೋಬುಕ್ ನೋಡಿ: 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್, ಕಂಪನಿಯದೇ ಆಪರೇಟಿಂಗ್ ಸಿಸ್ಟಮ್. ಆನ್‌ಲೈನ್ ಕ್ಲಾಸಿಗೆ ಅದು ಸಾಕು, ಮೆಕ್ಯಾನಿಕಲ್ ವಿದ್ಯಾರ್ಥಿಗೆ ಸಾಲದು. ಕೆಲಸ ಮಾಡಿಕೊಡದ ಮೆಷಿನ್ ಎಷ್ಟು ಅಗ್ಗವಾದರೂ ದುಬಾರಿಯೇ.

2. ಪ್ರೊಸೆಸರ್ ಹೆಸರನ್ನು ಕೊನೆಯ ಅಕ್ಷರದವರೆಗೂ ಓದಿ

‘ರೈಜನ್ 5’ ಎಂಬ ಸ್ಟಿಕರ್ ನೋಡಿ ಮರುಳಾಗಬೇಡಿ. ರೈಜನ್ 5 7520ಯು ಮತ್ತು ರೈಜನ್ 5 7530ಯು ಅಣ್ಣತಮ್ಮಂದಿರಂತೆ ಕಾಣುತ್ತವೆ. ಆದರೆ 7520ಯುನಲ್ಲಿ 4 ಕೋರ್, 7530ಯುನಲ್ಲಿ 6. ಈ 7000 ಸರಣಿಯಲ್ಲಿ ಮೂರನೇ ಅಂಕಿ ನೋಡಿ: 2 ಇದ್ದರೆ 2019ರಲ್ಲಿ ಬಂದ ಝೆನ್ 2 ವಿನ್ಯಾಸ, 3 ಇದ್ದರೆ ಅದರ ಮುಂದಿನ ಝೆನ್ 3. ಇಂಟೆಲ್‌ನಲ್ಲೂ ಹೀಗೇ. ಸೆಲೆರಾನ್ ಎನ್4020ರಲ್ಲಿ ಇರುವುದು ಎರಡೇ ಕೋರ್. ಕೋರ್ ಐ3-1215ಯುನಲ್ಲಿ ಆರು. ಬಜೆಟ್ ಲ್ಯಾಪ್‌ಟಾಪ್‌ನ ಪ್ರೊಸೆಸರ್ ಮದರ್‌ಬೋರ್ಡ್‌ಗೆ ಬೆಸೆದುಕೊಂಡೇ ಬರುತ್ತದೆ. ಇವತ್ತು ಆರಿಸಿದ್ದೇ ಕೊನೆಯವರೆಗೆ. ಇಲ್ಲಿ ರಾಜಿ ಬೇಡ.

3. ರ‍್ಯಾಮ್ ಎಷ್ಟು ಎಂದಷ್ಟೇ ಅಲ್ಲ, ಸ್ಲಾಟ್ ಇದೆಯೇ ಎಂದೂ ಕೇಳಿ

8 ಜಿಬಿ ಇದ್ದು ಖಾಲಿ ಸ್ಲಾಟ್ ಇದ್ದರೆ ಧೈರ್ಯವಾಗಿ ಕೊಳ್ಳಿ. ಮುಂದಿನ ವರ್ಷ ದುಡ್ಡು ಕೂಡಿದಾಗ ಇನ್ನೊಂದು ರ‍್ಯಾಮ್ ಹಾಕಿಸಿ. 8 ಜಿಬಿ ಬೆಸೆದಿದ್ದು ಸ್ಲಾಟ್ ಇಲ್ಲದಿದ್ದರೆ, ಬ್ರೌಸರ್, ವರ್ಡ್, ಎಕ್ಸೆಲ್ ಬಿಟ್ಟು ಬೇರೇನೂ ಬೇಡ ಎನ್ನುವವರು ಮಾತ್ರ ನೋಡಿ. ಆಂಡ್ರಾಯ್ಡ್ ಸ್ಟುಡಿಯೊ ಎಮ್ಯುಲೇಟರ್ ಓಡಿಸುವವರಿಗೆ, ಕ್ಯಾಡ್ ಕಲಿಯುವವರಿಗೆ 16 ಜಿಬಿ ಬೇಕು. ಎರಡು ರ‍್ಯಾಮ್ ಜೋಡಿಯಾಗಿ ಕೆಲಸ ಮಾಡಿದರೆ ಇನ್‌ಬಿಲ್ಟ್ ಗ್ರಾಫಿಕ್ಸ್‌ಗೂ ವೇಗ ಸಿಗುತ್ತದೆ, ಏಕೆಂದರೆ ಅದು ಬಳಸುವುದೂ ಇದೇ ರ‍್ಯಾಮನ್ನು. ಸ್ಲಾಟ್ ಇರುವ ಮಾಡೆಲ್ ಆರಿಸುವ ಮೊದಲು ಹೆಚ್ಚುವರಿ ರ‍್ಯಾಮ್‌ನ ಇವತ್ತಿನ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಿ.

4. ಸ್ಟೋರೇಜ್‌ನಲ್ಲಿ ಧಾರಾಳವಾಗಿ ರಾಜಿಯಾಗಿ

ಉಳಿತಾಯಕ್ಕೆ ಸರಿಯಾದ ಜಾಗ ಇದು. 512 ಜಿಬಿ ಬದಲು 256 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ ಸಿಕ್ಕರೆ ತೆಗೆದುಕೊಳ್ಳಿ; ಅದನ್ನು ಆಮೇಲೆ ಬದಲಿಸಬಹುದು. ಸಿನಿಮಾ, ಫೋಟೊಗಳನ್ನು ಹೊರಗಿನ ಡ್ರೈವ್‌ಗೆ ಹಾಕಿ. ಆದರೆ ಇಎಂಎಂಸಿ ಎಂದು ಬರೆದಿದ್ದರೆ ಆ ಮಾಡೆಲ್ ಬಿಡಿ: ಅದು ನಿಧಾನ, ಮೇಲಾಗಿ ಬೆಸೆದಿರುತ್ತದೆ. ಹಿಂಬದಿಯ ಕವರ್ ತೆಗೆದರೆ ವಾರಂಟಿ ಹೋಗುತ್ತದೆಯೇ ಎಂದು ಬರಹದಲ್ಲಿ ಕೇಳಿ.

5. ಪರದೆಯನ್ನು ಕಣ್ಣಾರೆ ನೋಡಿ

ಆನ್‌ಲೈನ್ ಫೋಟೊದಲ್ಲಿ ಎಲ್ಲ ಪರದೆಯೂ ಚೆಂದ. ಒಂದು ಭಾನುವಾರ ಪುಣೆಗೆ ಹೋಗಿ, ಅಂಗಡಿಯಲ್ಲಿ ಮಾಡೆಲ್ ತೆರೆಸಿ. ಬಿಳಿ ಪುಟ ಹಾಕಿ. ಪಕ್ಕದಿಂದ ನೋಡಿ, ಮೇಲಿಂದ ನೋಡಿ. ಬಣ್ಣ ಬದಲಾದರೆ ಅದು ಬಹುತೇಕ ಟಿಎನ್ ಪ್ಯಾನೆಲ್, ಐಪಿಎಸ್ ಕೇಳಿ. ರೆಸಲ್ಯೂಶನ್ 1366×768 ಇದ್ದರೆ ಬಿಡಿ, 1920×1080 ಇರಲಿ. 250 ನಿಟ್ಸ್ ಬೆಳಕು ರೂಮಿಗೆ ಸಾಕು, ಕಿಟಕಿಯ ಪಕ್ಕ ಕಷ್ಟ. ‘45% ಎನ್‌ಟಿಎಸ್‌ಸಿ’ ಎಂದರೆ ಬಣ್ಣ ಪೇಲವ. ಕೋಡ್ ಬರೆಯುವವರು ಇಲ್ಲಿ ರಾಜಿಯಾಗಬಹುದು. ಡಿಸೈನ್, ವಿಡಿಯೊ ಎಡಿಟಿಂಗ್ ಕಲಿಯುವವರು ಆಗಬಾರದು.

6. ಬ್ಯಾಟರಿಯನ್ನು ಗಂಟೆಯಲ್ಲಿ ಕೇಳಬೇಡಿ, ವಾಟ್-ಅವರ್‌ನಲ್ಲಿ ಕೇಳಿ

‘10 ಗಂಟೆ’ ಎಂಬುದು ಜಾಹೀರಾತಿನ ಮಾತು. ಲೆಕ್ಕ ನೀವೇ ಹಾಕಿ. 42 ವಾಟ್-ಅವರ್ ಬ್ಯಾಟರಿ, ಸಾಮಾನ್ಯ ಕೆಲಸಕ್ಕೆ 8 ವಾಟ್ ಖರ್ಚು ಎಂದರೆ ಐದು ಗಂಟೆ ಚಿಲ್ಲರೆ. ಮಳೆಗಾಲದ ಲೋಣಾವಳಾದಲ್ಲಿ ಗಾಳಿ-ಮಳೆಗೆ ಕರೆಂಟ್ ಹೋಗುವುದುಂಟು. ನಾಳೆ ಬೆಳಗ್ಗೆ ಸಬ್‌ಮಿಷನ್ ಇರುವವರಿಗೆ ಆ ಐದು ಗಂಟೆಯೇ ಬಂಡವಾಳ. ಯುಎಸ್‌ಬಿ-ಸಿ ಮೂಲಕ ಚಾರ್ಜ್ ಆಗುತ್ತದೆಯೇ ಕೇಳಿ. ಆಗುವುದಾದರೆ, ಚಾರ್ಜರ್ ಕೆಟ್ಟ ದಿನ ರೂಮ್‌ಮೇಟ್‌ನ ಚಾರ್ಜರ್‌ನಿಂದಲೂ ಕೆಲಸ ಸಾಗುತ್ತದೆ.

7. ಮೈ ಪ್ಲಾಸ್ಟಿಕ್ ಆಗಲಿ, ಹಿಂಜ್ ಗಟ್ಟಿ ಇರಲಿ

ಲೋಹದ ಬಾಡಿಗೆ ಹೆಚ್ಚು ಹಣ ಕೊಡಬೇಡಿ. ಹಿಂಜ್ ಪರೀಕ್ಷಿಸಿ: ಒಂದು ಮೂಲೆ ಹಿಡಿದು ಪರದೆ ತೆರೆಯಿರಿ, ಕಿರುಗುಟ್ಟಿದರೆ, ಬಾಗಿದರೆ ಬೇಡ. ಕೀಬೋರ್ಡ್‌ನಲ್ಲಿ ಒಂದು ಪ್ಯಾರಾ ಟೈಪ್ ಮಾಡಿ ನೋಡಿ. ಲೋಕಲ್‌ನಲ್ಲಿ ನಿಂತು ಹೋಗುವವರು ತೂಕವನ್ನೂ ನೋಡಿ, 1.9 ಕೆಜಿಯ ಜಾಗದಲ್ಲಿ 1.5 ಕೆಜಿ ಇದ್ದರೆ ಭುಜಕ್ಕೆ ವ್ಯತ್ಯಾಸ ಗೊತ್ತಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಾಟ್‌ನ ಮಳೆ ಬ್ಯಾಗನ್ನು ಬಿಡುವುದಿಲ್ಲ. ರೇನ್ ಕವರ್ ಖರ್ಚನ್ನು ಬಜೆಟ್‌ಗೇ ಸೇರಿಸಿ. ನೀರಿನಿಂದಾದ ಹಾನಿ ಸಾಮಾನ್ಯ ವಾರಂಟಿಯಲ್ಲಿ ಬರುವುದಿಲ್ಲ.

8. ಸರ್ವಿಸ್ ಮನೆಗೆ ಬರುತ್ತದೆಯೇ, ಪಿನ್ ಕೋಡ್ ಹಾಕಿ ನೋಡಿ

410401 ಎಂದು ಹಾಕಿ, ಆನ್‌ಸೈಟ್ ಸರ್ವಿಸ್ ಇದೆಯೇ ಎಂದು ಕಂಪನಿಯನ್ನೇ ವಿಚಾರಿಸಿ. ‘ಕ್ಯಾರಿ-ಇನ್’ ಎಂದರೆ ಮೆಷಿನ್ ಹೊತ್ತು ನೀವೇ ಸೆಂಟರ್‌ಗೆ ಹೋಗಬೇಕು. ಪುಣೆ ಇಲ್ಲಿಂದ ಸುಮಾರು 64 ಕಿಲೊಮೀಟರ್. ಒಂದು ರಿಪೇರಿ ಎಂದರೆ ಎರಡು ದಿನದ ಕ್ಲಾಸು ಅಥವಾ ಎರಡು ರಜೆ. ಸೀರಿಯಲ್ ನಂಬರ್ ಇರುವ ಜಿಎಸ್‌ಟಿ ಬಿಲ್ ಪಡೆಯದೆ ಅಂಗಡಿ ಬಿಡಬೇಡಿ. ಮೋಸವಾದರೆ ಸುಮ್ಮನಿರಬೇಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

9. ಸೆಕೆಂಡ್‌ಹ್ಯಾಂಡ್ ಕೀಳಲ್ಲ, ಆದರೆ ಪರೀಕ್ಷೆ ಕಠಿಣವಾಗಿರಲಿ

ಆಫೀಸುಗಳಲ್ಲಿ ಬಳಸಿದ ಬಿಸಿನೆಸ್ ಲ್ಯಾಪ್‌ಟಾಪ್‌ಗಳ ಕೀಬೋರ್ಡ್, ಹಿಂಜ್ ಹೊಸ ಬಜೆಟ್ ಮಾಡೆಲ್‌ಗಿಂತ ಎಷ್ಟೋ ಸಲ ಗಟ್ಟಿ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಇರಬೇಕು, ಇಂಟೆಲ್ ಆದರೆ ಸುಮಾರಾಗಿ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸದಿರಬೇಕು. 6ನೇ ತಲೆಮಾರಿನ ಐ5 ಎಷ್ಟೇ ಅಗ್ಗವಾಗಿ ಕೊಟ್ಟರೂ ಬೇಡ ಎನ್ನಿ. ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆಸಿ, ಡಿಸೈನ್ ಕೆಪ್ಯಾಸಿಟಿ ಎಷ್ಟಿತ್ತು, ಈಗ ಫುಲ್ ಚಾರ್ಜ್‌ಗೆ ಎಷ್ಟು ನಿಲ್ಲುತ್ತದೆ ಎಂದು ಹೋಲಿಸಿ. ಅರ್ಧಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿಯ ಬೆಲೆ ಕಳೆದು ಚೌಕಾಸಿ ಮಾಡಿ.

10. ತೀರ್ಮಾನಕ್ಕೆ ತಾರೀಖು ಹಾಕಿ

ಇನ್ನೊಂದು ಸೇಲ್ ಬರಲಿ, ಇನ್ನೊಂದು ರಿವ್ಯೂ ನೋಡೋಣ ಎನ್ನುತ್ತಾ ಸೆಮಿಸ್ಟರ್ ಕಳೆಯಬೇಡಿ. ಈ ಅನುಮಾನ ಒಂದು ಅಭ್ಯಾಸ, ಇಂದೇ ಬಿಡಿ. ಮೂರೇ ಮಾಡೆಲ್ ಉಳಿಸಿಕೊಳ್ಳಿ. ಪ್ರೊಸೆಸರ್, ರ‍್ಯಾಮ್, ಪರದೆ, ಬ್ಯಾಟರಿ, ಸರ್ವಿಸ್ ಎಂಬ ಐದು ವಿಷಯಕ್ಕೆ ಹತ್ತರಲ್ಲಿ ಅಂಕ ಕೊಡಿ. ನಿಮ್ಮ ಕೆಲಸಕ್ಕೆ ಅತಿ ಮುಖ್ಯವಾದ ಎರಡರ ಅಂಕವನ್ನು ದುಪ್ಪಟ್ಟು ಮಾಡಿ. ಹೆಚ್ಚು ಅಂಕ ಬಂದದ್ದನ್ನು ಬರುವ ಭಾನುವಾರದೊಳಗೆ ಕೊಳ್ಳಿ. ಕೊಂಡ ಮೇಲೆ ಬೆಲೆ ನೋಡುವುದನ್ನು ನಿಲ್ಲಿಸಿ, ಸೋಮವಾರದಿಂದ ಪ್ರಾಜೆಕ್ಟ್ ಶುರು ಮಾಡಿ. ಇಂಟರ್‌ವ್ಯೂನಲ್ಲಿ ಯಾರೂ ನಿಮ್ಮ ಲ್ಯಾಪ್‌ಟಾಪ್‌ನ ಬೆಲೆ ಕೇಳುವುದಿಲ್ಲ, ಅದರಲ್ಲಿ ಏನು ಮಾಡಿದಿರಿ ಎಂದು ಕೇಳುತ್ತಾರೆ. ಆ ಉತ್ತರವನ್ನು ಈಗಲೇ ಕಟ್ಟಲು ಆರಂಭಿಸಿ.