ನೋವು ನಿಂತರೂ ಹಲ್ಲಿನ ಬೇರು ತೊಳೆಯಬೇಕು

ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಹಲ್ಲುನೋವೆಂದು ಕಲಬುರಗಿಗೆ ಬಂದವರಿಗೆ ವೈದ್ಯರು ರೂಟ್ ಕೆನಾಲ್ ಮಾಡಿಸಿ, ಎರಡು-ಮೂರು ಸಲ ಬನ್ನಿ ಎನ್ನುತ್ತಾರೆ. ಮೊದಲ ಸಲವೇ ನೋವು ನಿಂತರೆ, ಮತ್ತೆ ಬಸ್ಸಿನ ಖರ್ಚು, ಕೂಲಿ ನಷ್ಟ ಏಕೆ ಎಂದು ನಿಮಗೆ ಅನಿಸಬಹುದು. ಆದರೆ ನೋವು ನಿಲ್ಲುವುದೇ ಬೇರೆ, ಹಲ್ಲು ಗುಣವಾಗುವುದೇ ಬೇರೆ.

ಹುಳುಕು ಆಳಕ್ಕಿಳಿದಾಗ ಹಲ್ಲಿನೊಳಗೆ ನರ, ರಕ್ತನಾಳಗಳಿರುವ ತಿರುಳು ಕೊಳೆಯುತ್ತದೆ. ರೋಗಾಣುಗಳ ಪ್ರಭಾವ ಬೇರಿನ ತುದಿ ದಾಟಿ, ದವಡೆಯ ಮೂಳೆಯಲ್ಲಿ ಉರಿಯೂತ, ಕೀವು ಉಂಟಾಗುತ್ತದೆ. ವೈದ್ಯರು ಸೂಜಿಯಂಥ ಸಣ್ಣ ಅರದಿಂದ ಬೇರಿನ ನಾಳವನ್ನು ಕೆರೆದು ಶುಚಿ ಮಾಡುತ್ತಾರೆ. ಆದರೆ ನಾಳಕ್ಕೆ ಕವಲು, ಸಂದುಗಳಿವೆ. ಅರ ಮುಟ್ಟದ ಕಡೆ ದ್ರಾವಣವೇ ಹೋಗಬೇಕು.

ಇದಕ್ಕೆ ಹೆಚ್ಚಾಗಿ ಬಳಸುವುದು ಸೋಡಿಯಂ ಹೈಪೋಕ್ಲೋರೈಟ್. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಹೆನ್ರಿ ಡೇಕಿನ್ ಗಾಯ ತೊಳೆಯಲು ಬಳಕೆಗೆ ತಂದದ್ದು ಇದರದೇ ತೆಳು ದ್ರಾವಣ. ಇದು ರೋಗಾಣುಗಳನ್ನು ಕೊಂದು, ಸತ್ತ ತಿರುಳನ್ನು ಕರಗಿಸುತ್ತದೆ. ನಾಳದ ಗೋಡೆಗೆ ಮೆತ್ತಿದ ಪುಡಿ ತೆಗೆಯಲು ಶೇ. 17ರ ಇಡಿಟಿಎ ದ್ರಾವಣ ಬಳಸುವುದುಂಟು. ಕೊನೆಯಲ್ಲಿ ತಣ್ಣನೆಯ ಸಲೈನಿನಿಂದ ತೊಳೆದರೆ ಮೊದಲ ದಿನಗಳ ನೋವು ಕಡಿಮೆಯಾಗುವುದು ಕೆಲವು ಅಧ್ಯಯನಗಳಲ್ಲಿ ಕಂಡಿದೆ.

ಹೈಪೋಕ್ಲೋರೈಟ್ ಬೇರಿನ ತುದಿ ದಾಟಿದರೆ ತೀವ್ರ ನೋವು, ಬಾವು ಬರುತ್ತದೆ. ಆದ್ದರಿಂದ ವೈದ್ಯರು ಪಕ್ಕದಲ್ಲಿ ತೂತಿರುವ ಸೂಜಿಯಿಂದ ನಿಧಾನವಾಗಿ ತೊಳೆಯುತ್ತಾರೆ. ಅದು ಬಾಯಿಗೆ ಇಳಿಯದಂತೆ ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟುತ್ತಾರೆ. ಆಗ ಉರಿಯಾದರೆ ಕೂಡಲೇ ಕೈ ಎತ್ತಿ ತಿಳಿಸಿ. ಮನೆಯಲ್ಲಿ ಬ್ಲೀಚಿಂಗ್ ನೀರಿನಿಂದ ಹಲ್ಲು ತೊಳೆಯುವ ಸಾಹಸ ಮಾತ್ರ ಬೇಡ.

ಚಿಕಿತ್ಸೆಯ ನಂತರ ಒಂದೆರಡು ದಿನ ಕಚ್ಚಿದಾಗ ನೋವಾಗುವುದು ಸಹಜ. ಬೇರಿನ ತುದಿಯಲ್ಲಿ ಕರಗಿದ ಮೂಳೆ ಮತ್ತೆ ತುಂಬಲು ತಿಂಗಳುಗಳು, ಕೆಲವೊಮ್ಮೆ ವರ್ಷವೇ ಬೇಕು. ನಡುವೆ ತುಂಬುವ ತಾತ್ಕಾಲಿಕ ಸಿಮೆಂಟು ಕೆಲವೇ ವಾರ ಬಾಳುತ್ತದೆ. ಅದು ಸವೆದರೆ ಜೊಲ್ಲಿನೊಂದಿಗೆ ರೋಗಾಣುಗಳು ಮತ್ತೆ ಒಳಸೇರಿ, ತೊಳೆದದ್ದೆಲ್ಲ ವ್ಯರ್ಥವಾಗುತ್ತದೆ; ಕೊನೆಗೆ ಹಲ್ಲನ್ನೇ ಕೀಳಬೇಕಾದೀತು.

ಆದ್ದರಿಂದ ಹೇಳಿದ ದಿನ ತಪ್ಪದೆ ಹೋಗಿ. ಊರು ದೂರವಾದರೆ, ಒಂದೇ ಸಲಕ್ಕೆ ಮುಗಿಸಲು ಸಾಧ್ಯವೇ ಎಂದು ಮೊದಲೇ ಕೇಳಿ. ಹಲವು ಹಲ್ಲುಗಳಲ್ಲಿ ಅದು ಸಾಧ್ಯ. ಕ್ಯಾಪ್ ಹಾಕುವವರೆಗೆ ಆ ಬದಿಯಲ್ಲಿ ಕಡಕ್ ರೊಟ್ಟಿ ಅಗಿಯಬೇಡಿ. ಬಾವು ಹೆಚ್ಚಿದರೆ, ಜ್ವರ ಬಂದರೆ ಅಂದೇ ವೈದ್ಯರನ್ನು ಕಾಣಿ. ನುಂಗಲು, ಉಸಿರಾಡಲು ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.